ತೂಕಕ್ಕೆ ಹಾಕಿದ ಕಾಫಿ ಯಂತ್ರ: ಒಂದು ಹಳೆಯ ಲಿವರ್ ಎಸ್ಪ್ರೆಸೊ ಯಂತ್ರದ ದುರಸ್ತಿಯ ಪ್ರಕರಣ

ತುಮಕೂರಿನ ಮಂಡಿಪೇಟೆಯ ಹಿಂದಿನ ಓಣಿಯಲ್ಲಿರುವ ಗುಜರಿ ಅಂಗಡಿಗೆ ನಾನು ಹೋಗುವಷ್ಟರಲ್ಲಿ ಅದು ತಕ್ಕಡಿ ಏರಿಯಾಗಿತ್ತು. ಪಕ್ಕದಲ್ಲಿ ಒಡೆದ ನಲ್ಲಿಗಳು, ಸೊಟ್ಟಗಾದ ಬಿಂದಿಗೆ, ಪಂಪ್‌ಸೆಟ್ಟಿನ ಬಿಡಿಭಾಗಗಳು. ಅವುಗಳ ನಡುವೆ ಉದ್ದನೆಯ ಹಿಡಿಯನ್ನು ಮೇಲೆತ್ತಿಕೊಂಡು ನಿಂತ, ಕ್ರೋಮ್ ಮಾಸಿದ ಕಾಫಿ ಯಂತ್ರ. "ಒಳಗೆಲ್ಲ ಹಿತ್ತಾಳೆ ಸಾರ್, ಒಡೆದು ಮಾರಿದರೂ ನನಗೆ ನಷ್ಟವಿಲ್ಲ" ಎಂದರು ಅಂಗಡಿಯವರು. ಹಿತ್ತಾಳೆಯ ತೂಕಕ್ಕಿಂತ ಕೊಂಚ ಹೆಚ್ಚು ಕೊಟ್ಟು, ಮೂರೂವರೆ ಸಾವಿರ ರೂಪಾಯಿಗೆ ವ್ಯಾಪಾರ ಮುಗಿಸಿದೆ. ಯಾವುದೋ ಮನೆ ಖಾಲಿ ಮಾಡಿದಾಗ ಬಂದ ಸಾಮಾನು, "ಶಾಕ್ ಹೊಡೆಯುತ್ತದಂತೆ": ಅದರ ಪೂರ್ವಚರಿತ್ರೆಯ ಬಗ್ಗೆ ಅವರಿಗೆ ಗೊತ್ತಿದ್ದುದು ಇಷ್ಟೇ.

ನಾನು ಲೆಕ್ಕಪತ್ರ ನೋಡುವವನು, ರಿಪೇರಿಯವನಲ್ಲ. ಬಿಚ್ಚುವ ಕೈ ನನ್ನ ಸೋದರಮಾವನದು. 1978ರಲ್ಲಿ ಶುರುವಾದ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಆಯುಷ್ಯದ ಬಹುಪಾಲು ಕಳೆದವರು ಅವರು. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೂ ಅವರ ಉಪಕರಣಗಳ ಪೆಟ್ಟಿಗೆಗೆ ತುಕ್ಕು ಹಿಡಿದಿಲ್ಲ. ಏನನ್ನು ಬಿಚ್ಚಿದೆವು, ಒಳಗೆ ಏನು ಕಂಡಿತು ಎಂದು ತಾರೀಖು ಹಾಕಿ ಬರೆದಿಡುವ ಚಟ ಮಾತ್ರ ನನ್ನದು. ಕೆಳಗಿನದು ಆ ನೋಟುಬುಕ್ಕಿನಿಂದ ತೆಗೆದದ್ದು.

ಯಂತ್ರ ಯಾವುದು

ತಳದ ಪಟ್ಟಿ ಅರ್ಧ ಕಿತ್ತುಹೋಗಿದ್ದರೂ ಹೆಸರು ಉಳಿದಿತ್ತು: ಲಾ ಪವೋನಿ ಯುರೋಪಿಕ್ಕೊಲಾ. ಮಿಲಾನಿನ ಲುಯೀಜಿ ಬೆಜ್ಜೆರಾ 1901ರಲ್ಲಿ ಪೇಟೆಂಟಿಗೆ ಕೊಟ್ಟ ಆವಿಯ ಕಾಫಿ ಯಂತ್ರವನ್ನು ದೆಸಿದೇರಿಯೊ ಪವೋನಿ 1905ರಲ್ಲಿ ಕಂಪನಿ ಕಟ್ಟಿ ತಯಾರಿಸತೊಡಗಿದರು. ಆ ಕಾಲದ ಯಂತ್ರಗಳು ಬರೀ ಆವಿಯ ಬಲವನ್ನು ನಂಬಿದ್ದವು. ಒತ್ತಡ ಸಾಲದು, ಬಿಸಿ ಮಾತ್ರ ಅತಿ; ಕಾಫಿಗೆ ಸುಟ್ಟ ರುಚಿ. ಅಕಿಲೆ ಗಾಜ್ಜಾ 1948ರಲ್ಲಿ ಸ್ಪ್ರಿಂಗ್ ಮತ್ತು ಲಿವರ್ ಇರುವ ಯಂತ್ರವನ್ನು ಮಾರುಕಟ್ಟೆಗೆ ತಂದಾಗಲೇ ಒತ್ತಡ ಎಂಟು ಒಂಬತ್ತು ಬಾರ್‌ಗೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸುತ್ತಲಿನ ಗಾಳಿಯ ಒತ್ತಡದಷ್ಟು) ಏರಿ, ಲೋಟದ ಮೇಲೆ ಆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. ಯುರೋಪಿಕ್ಕೊಲಾ ಬಂದದ್ದು 1961ರಲ್ಲಿ, ಮನೆಬಳಕೆಗೆಂದು. ಇದರಲ್ಲಿ ಸ್ಪ್ರಿಂಗ್ ಕೂಡ ಇಲ್ಲ. ಕುಡಿಯುವವರ ತೋಳೇ ಸ್ಪ್ರಿಂಗ್.

ಪ್ರೆಶರ್ ಕುಕ್ಕರ್ ಬಲ್ಲವರಿಗೆ ಇದು ಅರ್ಧ ಗೊತ್ತಿರುವ ಯಂತ್ರವೇ. 0.8 ಲೀಟರಿನ ಬಾಯ್ಲರ್‌ನಲ್ಲಿ ಒತ್ತಡ 0.8 ಬಾರ್‌ಗೆ ಬಂದಾಗ ನೀರು ಸುಮಾರು 117 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಸೀಟಿ ಹೊಡೆಯುವ ಕುಕ್ಕರ್‌ನೊಳಗೂ ಹೆಚ್ಚುಕಡಿಮೆ ಅಷ್ಟೇ, 120. ಲಿವರ್ ಎತ್ತಿದರೆ ಪಿಸ್ಟನ್ ಮೇಲೇರಿ ನೀರಿನ ದಾರಿ ತೆರೆಯುತ್ತದೆ, ಬಾಯ್ಲರ್‌ನ ಒತ್ತಡವೇ ನೀರನ್ನು ಪುಡಿಯ ಮೇಲಕ್ಕೆ ತಳ್ಳುತ್ತದೆ. ಕೆಳಗೆ ಒತ್ತಿದರೆ ದಾರಿ ಮುಚ್ಚಿಕೊಂಡು, ಸಿಕ್ಕಿಬಿದ್ದ ನೀರು ಪುಡಿಯ ಮೂಲಕವೇ ಇಳಿಯಬೇಕು. ಅಷ್ಟು ಬಿಸಿ ನೀರು ಕಾಫಿಯನ್ನು ಸುಡುವುದಿಲ್ಲವೇಕೆ? ಬಾಯ್ಲರ್‌ಗೆ ಅಂಟಿಕೊಂಡಿರುವ ಪಿಸ್ಟನ್ ಕೊಳವೆಯ ದಪ್ಪ ಲೋಹ ದಾರಿಯಲ್ಲೇ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಲೋಹ ತಾನೇ ಕಾದು ಕೂತರೆ ಏನಾಗುತ್ತದೆ ಎಂಬುದು ಆಮೇಲೆ ಬರುತ್ತದೆ.

ಮೂರು ಹಳೆಯ ರಿಪೇರಿಗಳು

ಮೊದಲ ದಿನ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಮಾವ ಯಂತ್ರವನ್ನು ಪಡಸಾಲೆಯ ಬೆಳಕಿನಲ್ಲಿ ಇಟ್ಟು ಅರ್ಧ ಗಂಟೆ ಬರೀ ನೋಡಿದರು. ಆಮೇಲೆ ಪ್ಲಗ್ ಕೈಗೆತ್ತಿಕೊಂಡರು. ಎರಡು ಪಿನ್ನಿನದು. ವೈರಿನ ಹೊರಕವಚವನ್ನು ಸ್ವಲ್ಪ ಸೀಳಿದಾಗ ಹಸಿರು ಅರ್ಥಿಂಗ್ ತಂತಿ ಕಾಣಿಸಿತು. ಅದನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಒಳಗೆ ಮಡಚಿ ಇಟ್ಟಿದ್ದರು. ಟೇಪನ್ನು ಎಷ್ಟು ಓರಣವಾಗಿ ಸುತ್ತಿದ್ದರೆಂದರೆ ಮಾವನಿಗೆ ಸಿಟ್ಟು ಬಂದದ್ದೇ ಆ ಓರಣ ನೋಡಿ. "ಇಷ್ಟು ಚೆನ್ನಾಗಿ ಕೆಲಸ ಬಲ್ಲವನು ಇಂಥ ಕೆಲಸ ಮಾಡಿದ್ದಾನಲ್ಲಪ್ಪಾ" ಎಂದರು.

ಎರಡನೆಯದು ಬಾಯ್ಲರ್ ಮೇಲಿನ ಸೇಫ್ಟಿ ವಾಲ್ವ್. ಆವಿ ಹೊರಬರಬೇಕಾದ ತೂತಿನ ಸುತ್ತ, ಪ್ಲಂಬರ್‌ಗಳು ಸೋರುವ ಪೈಪಿಗೆ ಮೆತ್ತುವ ಬೂದು ಬಣ್ಣದ ಮುದ್ದೆಯನ್ನು ಮೆತ್ತಿ ಗಟ್ಟಿ ಮಾಡಿದ್ದರು. ಕುಕ್ಕರಿನ ವೆಯ್ಟ್ ಇಡುವ ಜಾಗಕ್ಕೆ ಸಿಮೆಂಟ್ ತುಂಬಿ ಒಲೆಯ ಮೇಲಿಟ್ಟ ಹಾಗೆ. ಮೂರನೆಯದನ್ನು ಮೂಗು ಪತ್ತೆ ಹಚ್ಚಿತು. ಕಾಫಿ ಪುಡಿ ತುಂಬುವ, ಹಿಡಿ ಇರುವ ಬಟ್ಟಲನ್ನು ಸಿಕ್ಕಿಸುವ ಬಾಯಿಯಲ್ಲಿ ಕಪ್ಪು ರಬ್ಬರಿನ ವಾಷರ್ ಇತ್ತು, ಅಂಚು ಕತ್ತರಿಯಲ್ಲಿ ಕತ್ತರಿಸಿದಂತೆ ಏರುಪೇರು. ಬಿಸಿ ನೀರಿಗೆ ಹಾಕಿದರೆ ಪಂಕ್ಚರ್ ಅಂಗಡಿಯ ವಾಸನೆ. ಸ್ಕೂಟರಿನ ಟ್ಯೂಬು.

ಇದುವರೆಗೆ ನಾನು ಇದನ್ನು ವಯಸ್ಸಾಗಿ ಸತ್ತ ಯಂತ್ರ ಎಂದುಕೊಂಡಿದ್ದೆ. ಹೀಟರ್ ಸುಟ್ಟಿರಬೇಕು, ಹೊಸದನ್ನು ತರಿಸಿದರೆ ಮುಗಿಯಿತು ಎಂಬುದು ನನ್ನ ಅಂದಾಜು. ಅದು ತಪ್ಪಾಗಿತ್ತು.

ಪಟ್ಟಿಯ ಪ್ರಕಾರ ಹೀಟರಿನಲ್ಲಿ ಎರಡು ಸುರುಳಿ: 200 ವ್ಯಾಟ್ ಮತ್ತು 800 ವ್ಯಾಟ್, 220 ವೋಲ್ಟ್‌ಗೆ. ಲೆಕ್ಕ ಹಾಕಿದರೆ ಒಂದು 242 ಓಮ್, ಇನ್ನೊಂದು 60.5 ಓಮ್ ಬರಬೇಕು. ಮೀಟರಿನಲ್ಲಿ 240 ಮತ್ತು 61 ಬಂತು. ಅಂದರೆ ಸುರುಳಿ ಎರಡೂ ಜೀವಂತ. ಆದರೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಂದ ಎರವಲು ತಂದ 500 ವೋಲ್ಟಿನ ಮೆಗ್ಗರ್ ಹಿಡಿದು ಸುರುಳಿಗೂ ಹೊರಮೈಗೂ ನಡುವಿನ ನಿರೋಧ ನೋಡಿದರೆ 0.04 ಮೆಗಾ ಓಮ್. ಕನಿಷ್ಠ ಒಂದಾದರೂ ಇರಬೇಕಾಗಿತ್ತು. ಶಾಕ್ ಹೊಡೆಯುತ್ತಿದ್ದುದು ನಿಜ, ಹೀಟರ್ ಸುಟ್ಟಿಲ್ಲ ಎಂಬುದೂ ನಿಜ.

ತಳವನ್ನು ಬಿಚ್ಚಿದಾಗ ಕಥೆ ಒಂದೇ ನೋಟಕ್ಕೆ ಕಂಡಿತು. ಹೀಟರ್ ಬಾಯ್ಲರ್‌ಗೆ ಕೂಡುವ ಕಡೆ ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿ, ಗ್ಯಾಸ್ಕೆಟ್ ಒಂದು ಪಕ್ಕಕ್ಕೆ ಎದ್ದಿತ್ತು. ಅಲ್ಲಿಂದ ಹೀಟರಿನ ಕರೆಂಟ್ ತುದಿಗಳವರೆಗೆ, ಗೋಡೆಯ ಮೇಲೆ ಮಳೆನೀರು ಇಳಿದ ಗುರುತಿನಂತೆ, ಒಂದು ಬಿಳಿ ಗೆರೆ. ತುದಿಗಳಲ್ಲಿ ಹಸಿರು ಕಿಲುಬು.

ನೋಟುಬುಕ್ಕಿನಲ್ಲಿ ಬಾಣದ ಗುರುತು ಹಾಕಿ ಬರೆದುಕೊಂಡೆ. ಗಡಸು ನೀರು ಬಾಯ್ಲರ್‌ನಲ್ಲಿ ಕಾಯುತ್ತ ಉಪ್ಪು ಕಟ್ಟಿದೆ. ಆ ಉಪ್ಪು ವಾಲ್ವಿನ ಬಾಯಿಗೆ ಸಿಕ್ಕಿ, ವಾಲ್ವ್ ಪೂರ್ತಿ ಮುಚ್ಚದೆ ಸದಾ ಬುಸುಗುಟ್ಟಿದೆ. ಆ ಸದ್ದು ನಿಲ್ಲಿಸಲು ಯಾರೋ ಮುದ್ದೆ ಮೆತ್ತಿದ್ದಾರೆ. ಅದೇ ಉಪ್ಪು ತಳದ ಗ್ಯಾಸ್ಕೆಟ್ಟನ್ನು ಎತ್ತಿದೆ. ನೀರು ಹನಿಹನಿಯಾಗಿ ಹೀಟರಿನ ತುದಿಗಿಳಿದು, ಸುರುಳಿಯ ಸುತ್ತ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ತೇವ ಹಿಡಿದಿದೆ. ಆ ಪುಡಿ ತೇವವನ್ನು ಸುಲಭವಾಗಿ ಹೀರುತ್ತದೆ, ಹೀರಿದರೆ ಕರೆಂಟ್ ಮೈಗೆ ಹರಿಯುತ್ತದೆ. ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಬೀಳತೊಡಗಿರಬೇಕು. ಬೀಳದಿರಲೆಂದು ಅರ್ಥಿಂಗ್ ಕತ್ತರಿಸಿದ್ದಾರೆ. ಅಂದಿನಿಂದ ಸ್ವಿಚ್ ಬೀಳುವ ಬದಲು ಮುಟ್ಟಿದವರಿಗೆ ಜುಮ್ಮೆಂದಿದೆ. ಕೊನೆಗೆ ತಕ್ಕಡಿ.

ಹೊಸ ಹೀಟರಿಗೆ ಆರ್ಡರ್ ಕೊಡುವ ಮಾತು ಅಲ್ಲಿಗೆ ನಿಂತಿತು.

ಬೇಕರಿ ಒಲೆ ಮತ್ತು ನಿಂಬೆ ಉಪ್ಪು

ತೇವ ಹಿಡಿದ ಹೀಟರನ್ನು ನಿಧಾನವಾಗಿ ಒಣಗಿಸಿದರೆ ನಿರೋಧ ಮರಳುತ್ತದೆ. ಕರೆಂಟ್ ಕೊಟ್ಟು ಒಣಗಿಸುವುದು ಅಪಾಯ, ಬಿಸಿಲು ಸಾಲದು. ನಮ್ಮ ಬಡಾವಣೆಯ ಬೇಕರಿಯವರನ್ನು ಕೇಳಿದೆ. ಅವರ ಇಟ್ಟಿಗೆ ಒಲೆಯಲ್ಲಿ ಸಂಜೆಯ ಬ್ರೆಡ್ ತೆಗೆದ ಮೇಲೂ ರಾತ್ರಿಯಿಡೀ ಕಾವಿರುತ್ತದೆ. ಒಲೆ ಸುಮಾರು 120 ಡಿಗ್ರಿಗೆ ಇಳಿಯುವವರೆಗೆ ಕಾದು, ಹೀಟರನ್ನು ತಗಡಿನ ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದೆವು. ಬೆಳಿಗ್ಗೆ ತೆಗೆದಾಗ ಅದಕ್ಕೆ ಬೆಣ್ಣೆ ಬಿಸ್ಕತ್ತಿನ ವಾಸನೆ. ಮೆಗ್ಗರ್ 0.6 ತೋರಿಸಿತು. ಇನ್ನೊಂದು ರಾತ್ರಿ ಇಟ್ಟ ಮೇಲೆ 20 ದಾಟಿತು. ಮುಖದ ಮೇಲೆ ಏನನ್ನೂ ತೋರಿಸದ ಮಾವ ಆ ದಿನ ನಗು ತಡೆಯಲಿಲ್ಲ.

ಬಾಯ್ಲರ್ ಒಳಗೆ ಬ್ಯಾಟರಿ ಬಿಟ್ಟು ನೋಡಿದರೆ ಕೋಳಿಮೊಟ್ಟೆಯ ಚಿಪ್ಪು ಹಲವು ಪದರ ಅಂಟಿಸಿದಂತಿತ್ತು. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು, ಲೀಟರ್ ಬಿಸಿನೀರಿಗೆ 25 ಗ್ರಾಂ. ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ಹತ್ತು ನಿಮಿಷದ ಕೆಲಸ ಎಂದು ಸಲಹೆ ಕೊಟ್ಟವರೂ ಇದ್ದರು. ಅದು ಹಿತ್ತಾಳೆಯನ್ನೇ ತಿನ್ನುತ್ತದೆ. ನಿಂಬೆ ಉಪ್ಪು ಹಾಕಿದ ತಕ್ಷಣ ಒಳಗೆ ಸೋಡಾ ಬಾಟಲಿಯಂತೆ ಗುಳುಗುಳು. ಅರ್ಧ ಗಂಟೆಗೊಮ್ಮೆ ಚೆಲ್ಲಿ ಹೊಸದು ಹಾಕುತ್ತ ಹೋದೆವು. ನಾಲ್ಕನೆಯ ಸಲ ಗುಳುಗುಳು ಬಹುತೇಕ ನಿಂತಿತ್ತು. ಅಲ್ಲಿಗೆ ಬಿಡಬೇಕಾಗಿತ್ತು.

ಬಿಡಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಬೆರಳುಗಲದ ಬಿಳಿ ಕಲೆಯೂ ಹೋಗಲಿ ಎಂದು, ಮಾವ ಮನೆಗೆ ಹೋದ ಮೇಲೆ ನಾನೊಬ್ಬನೇ ಇಡೀ ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ನೀರು ತಿಳಿ ನೀಲಿಗೆ ತಿರುಗಿತ್ತು, ಒಳಗಿನ ಹಳದಿ ಹಿತ್ತಾಳೆಯಲ್ಲಿ ಅಲ್ಲಲ್ಲಿ ಗುಲಾಬಿ ಮಚ್ಚೆ. ಆಮ್ಲ ಹಿತ್ತಾಳೆಯ ಸತುವನ್ನು ಎಳೆದುಕೊಂಡು ಬರೀ ತಾಮ್ರವನ್ನು ಮೇಲೆ ಬಿಟ್ಟಿತ್ತು. ಮೇಲ್ಮೈಯಷ್ಟೇ ಆದ್ದರಿಂದ ಬಚಾವಾದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಮತ್ತೆ ಮೂರು ಸಲ ಬರೀ ನೀರಿನಲ್ಲಿ ತೊಳೆದೆ. ಮಾವ ನೋಡಿ ಏನೂ ಹೇಳಲಿಲ್ಲ, ನನ್ನ ನೋಟುಬುಕ್ಕನ್ನು ತೆಗೆದುಕೊಂಡು "ಅತಿಯಾಸೆ" ಎಂದು ಬರೆದು ತಾರೀಖು ಹಾಕಿದರು.

ಒತ್ತಡದ ಪರೀಕ್ಷೆ

ಮುದ್ದೆ ಮೆತ್ತಿದ ವಾಲ್ವನ್ನು ಉಳಿಸಿಕೊಳ್ಳುವ ಮಾತೇ ಇರಲಿಲ್ಲ. ಹೊಸ ವಾಲ್ವ್, ವಾಷರ್‌ಗಳ ಪೂರ್ತಿ ಸೆಟ್ಟು ಮತ್ತು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಹೊರದೇಶದಿಂದ ಬಂದವು. ಈ ಯಂತ್ರದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ ಎಂಬುದೇ ಅದರ ದೊಡ್ಡ ಗುಣ. ತರಿಸುವಾಗ ಒಂದು ಎಚ್ಚರ ಬೇಕು: ಹಳೆಯ ಯಂತ್ರಗಳ ಪುಡಿ ಬಟ್ಟಲು 49 ಮಿಲಿಮೀಟರಿನದು, ಈಚಿನವುಗಳದು 51. ಅಳೆಯದೆ ತರಿಸಿದವರು ಕೆಟ್ಟರು.

ಬಾಯ್ಲರನ್ನು ಆವಿಯಿಂದ ಪರೀಕ್ಷಿಸಬಾರದು ಎಂಬುದು ಮಾವನ ಹಟ. ಆವಿ ಮತ್ತು ಗಾಳಿ ಹಿಗ್ಗುವ ವಸ್ತುಗಳು. ಬಾಯ್ಲರ್ ಬಿರಿದರೆ ಚೂರುಗಳನ್ನು ಎಸೆಯುತ್ತವೆ. ನೀರು ಹಾಗಲ್ಲ, ಬಿರುಕು ಬಿಟ್ಟರೆ ಪುಸಕ್ಕೆಂದು ಒತ್ತಡ ಇಳಿದುಹೋಗುತ್ತದೆ. ಅಂತರಸನಹಳ್ಳಿಯ ಲೇತ್ ಅಂಗಡಿಯೊಂದರಲ್ಲಿ ವಾಲ್ವಿನ ಜಾಗಕ್ಕೆ ಹೊಂದುವ ಹಿತ್ತಾಳೆಯ ಜೋಡಣೆಯೊಂದನ್ನು ಕಡೆಸಿದೆವು. ಹೊಸ ಮನೆಗಳ ಪೈಪ್‌ಲೈನಿಗೆ ಒತ್ತಡ ಹಾಕಿ ನೋಡುವ ಕೈಪಂಪನ್ನು ಪ್ಲಂಬರ್‌ನಿಂದ ತಂದೆವು. ಗಾಳಿಯ ಗುಳ್ಳೆ ಉಳಿಯದಂತೆ ತಣ್ಣೀರು ತುಂಬಿ, 3 ಬಾರ್‌ವರೆಗೆ ಏರಿಸಿ, ಕಾಫಿ ಕುಡಿಯಲು ಹೋದೆವು. ಹತ್ತು ನಿಮಿಷದ ನಂತರ ಮುಳ್ಳು 2.6ರಲ್ಲಿತ್ತು. ಗಾಜಿನ ಕೊಳವೆಯ ಕೆಳ ವಾಷರಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ. ವಾಷರ್ ತೆಗೆದು ಕೂರುವ ಜಾಗವನ್ನು ಒರೆಸಿ ಕೂರಿಸಿದ ಮೇಲೆ ಮುಳ್ಳು ಕದಲಲಿಲ್ಲ.

ನೀರು ತೀರಿಹೋಗಿ ಹೀಟರ್ ಒಣಗಿ ಉರಿಯದಂತೆ ಒಂದು ಕಟಾಫ್ ಬೇಕಿತ್ತು. ಗೀಸರಿನದ್ದು ಹಾಕೋಣವೆಂದೆ. "ಅದು ತೊಂಬತ್ತಕ್ಕೆ ಕಟ್ ಆಗುತ್ತದೆ, ನಿನ್ನ ಕಾಫಿ ಶುರುವಾಗುವುದೇ ನೂರಹದಿನೇಳಕ್ಕೆ" ಎಂದರು ಮಾವ. 140 ಡಿಗ್ರಿಯ ಗುಂಡಿಯಾಕಾರದ ಥರ್ಮೋಸ್ಟಾಟ್ ತರಿಸಿ ಬಾಯ್ಲರಿನ ತಳಕ್ಕೆ ಬಿಗಿದೆವು. ವೈರು ಹೊಸದು, ಮೂರು ಪಿನ್ನಿನ ಪ್ಲಗ್ಗು, ಅರ್ಥಿಂಗ್ ನೇರವಾಗಿ ಲೋಹದ ಮೈಗೆ.

ಪಿಸ್ಟನ್ನಿನ ರಬ್ಬರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಅವು ಬರೀ ಬಳೆಗಳಲ್ಲ. ಅಂಚಿನಲ್ಲಿ ತೆಳುವಾದ ತುಟಿ ಇರುತ್ತದೆ. ತುಟಿ ತೆರೆದ ಕಡೆಯಿಂದ ಒತ್ತಡ ಬಂದರೆ ಅದು ಅರಳಿ ಕೊಳವೆಗೆ ಅಂಟುತ್ತದೆ, ಹಿಂದಿನಿಂದ ಬಂದರೆ ಮುದುಡಿ ದಾರಿ ಬಿಡುತ್ತದೆ. ಕೆಳಗಿನ ರಬ್ಬರಿನ ಬಾಯಿ ಕೆಳಮುಖವಾಗಿ, ಒತ್ತಲ್ಪಡುವ ನೀರಿನ ಕಡೆಗೆ ಇರಬೇಕು. ನಾನು ಬುಡಮೇಲು ಹಾಕಿದ್ದೆ. ಲಿವರ್ ಒತ್ತಿದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು, ಕೆಳಗೆ ಕಾಫಿ ಇಲ್ಲ, ಮೇಲೆ ಪಿಸ್ಟನ್ ದಂಡದ ಪಕ್ಕದಿಂದ ನೀರು. ತೆಗೆದು ತಿರುಗಿಸಿ, ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ಸವರಿ, ತುಟಿ ಮಡಚದಂತೆ ಉಗುರಿನಿಂದ ಒಳಕ್ಕೆ ಒತ್ತುತ್ತ ಕೂರಿಸಿದೆ.

ಚಿಕೋರಿ

ಮೊದಲ ಸಲ ಬಿಸಿ ಮಾಡಿದ್ದು ಅಂಗಳದಲ್ಲಿ, ಆರ್‌ಸಿಸಿಬಿ ಇರುವ ಬೋರ್ಡಿನಿಂದ ವೈರ್ ಎಳೆದು. ಏನೂ ಬೀಳಲಿಲ್ಲ. ಲೇತ್ ಅಂಗಡಿಯವರೇ ಜೋಡಿಸಿಕೊಟ್ಟ ಪುಟ್ಟ ಗೇಜು ಬೇಗನೆ 0.7 ತೋರಿಸಿತು. ಲಿವರ್ ಎತ್ತಿದರೆ ಉಗುರುಬೆಚ್ಚಗಿನ ನೀರು. ತಣ್ಣನೆಯ ಬಾಯ್ಲರಿನಲ್ಲಿ ಸಿಕ್ಕಿಬಿದ್ದ ಗಾಳಿ ಹಿಗ್ಗಿ ತೋರಿಸುವ ಸುಳ್ಳು ಒತ್ತಡವದು. ಹಾಲು ಕಾಯಿಸುವ ಆವಿ ಕೊಳಾಯಿಯನ್ನು ಸ್ವಲ್ಪ ತೆರೆದು ಗಾಳಿಯನ್ನು ಬಿಟ್ಟರೆ ಮುಳ್ಳು ಕುಸಿದು, ಮತ್ತೆ ನಿಜವಾದ ಆವಿಯಿಂದ ಏರುತ್ತದೆ. ಒತ್ತಡ ಬಂದ ಮೇಲೆ ಸ್ವಿಚ್ಚನ್ನು ಸಣ್ಣ ಸುರುಳಿಗೆ ತಿರುಗಿಸಬೇಕು. ಹಳೆಯ ಯಂತ್ರ, ಒತ್ತಡ ನೋಡಿಕೊಂಡು ತಾನೇ ಆಫ್ ಆಗುವ ವ್ಯವಸ್ಥೆ ಇಲ್ಲ.

ಯಂತ್ರ ಸರಿಯಾಯಿತು, ಕಾಫಿ ಮಾತ್ರ ಬರಲಿಲ್ಲ. ಮನೆಯಲ್ಲಿದ್ದ ಫಿಲ್ಟರ್ ಪುಡಿ, 70ಕ್ಕೆ 30 ಚಿಕೋರಿ ಬೆರೆಸಿದ್ದು. ಲಿವರ್ ಬಂಡೆಯಂತೆ ನಿಂತಿತು. ಬಲ ಹಾಕಿದೆ. ಪುಡಿ ಬಟ್ಟಲಿನ ಅಂಚಿನಿಂದ ಕೆಸರು ಚಿಮ್ಮಿ ಅಂಗಿಯ ಮೇಲೆ ಬಿತ್ತು. ಚಿಕೋರಿ ಬಿಸಿನೀರಿಗೆ ಬೇಗ ಕರಗಿ ಅಂಟಾಗುತ್ತದೆ. ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರಕ್ಕೆ ಗಂಟೆಗಟ್ಟಲೆ ಇಳಿಯುವಾಗ ಅದು ಗುಣ, ಅರ್ಧ ನಿಮಿಷದಲ್ಲಿ ಒತ್ತಿ ಇಳಿಸುವಲ್ಲಿ ಅದೇ ಅಡ್ಡಿ. ಅಶೋಕ ರಸ್ತೆಯ ಕಡೆಯ ಕಾಫಿ ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡ, ಬೀಜವನ್ನೇ ಕೊಡಿ ಎಂದಾಗ ಅವರು ನನ್ನ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಅವರ ಗಿರಣಿಯಲ್ಲಿ ಚಿಕೋರಿಯ ಉಳಿಕೆ ಇರುವುದರಿಂದ ಮನೆಯಲ್ಲೇ ಕೈ ಗಿರಣಿಯಲ್ಲಿ ಬೀಸುತ್ತೇನೆ. ಫಿಲ್ಟರ್ ಪುಡಿಗಿಂತ ನಯ, ಮೈದಾಕ್ಕಿಂತ ತರಿ. 14 ಗ್ರಾಂ ಪುಡಿ, ಲಿವರ್ ಎತ್ತಿ ಎಂಟು ಸೆಕೆಂಡ್ ನೆನೆಯಲು ಬಿಟ್ಟು, 25 ಸೆಕೆಂಡಿನಲ್ಲಿ ಸುಮಾರು 28 ಗ್ರಾಂ ಕಾಫಿ. ಅಮ್ಮ ಒಂದು ಗುಟುಕು ಕುಡಿದು, ಹಾಲು ಸಕ್ಕರೆ ಸೇರಿಸಿ, ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದು, "ಈಗ ಪರವಾಗಿಲ್ಲ" ಎಂದರು. ನೊರೆಗಾಗಿ ನಾನು ಪಟ್ಟ ಪಾಡೆಲ್ಲ ಆ ಹೊಯ್ದಾಟದಲ್ಲಿ ಹೋಯಿತು, ಬೇರೆ ನೊರೆ ಬಂತು.

ನೀರಿನ ವಿಷಯ. ಮನೆಯ ನಲ್ಲಿಯಲ್ಲಿ ಕೆಲವು ದಿನ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು, ಉಳಿದ ದಿನ ಬೋರ್‌ವೆಲ್. ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವುದು) 870 ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಆ ನೀರು ಹಾಕಿದರೆ ವರ್ಷದೊಳಗೆ ಮತ್ತೆ ಮೊಟ್ಟೆಚಿಪ್ಪು. ಬರೀ ಆರ್‌ಒ ನೀರು ಹಾಕಿದರೆ ಕಾಫಿ ಸಪ್ಪೆ. ಹೇಮಾವತಿ ನೀರನ್ನು ಕುದಿಸಿ, ಆರಿಸಿ, ಸೋಸಿ, ಅದಕ್ಕೆ ಅಷ್ಟೇ ಆರ್‌ಒ ನೀರು ಬೆರೆಸುತ್ತೇನೆ. ಕುದಿಸಿದಾಗ ಗಡಸಿನ ಒಂದು ಪಾಲು ಪಾತ್ರೆಯ ತಳದಲ್ಲೇ ಉಳಿಯುತ್ತದೆ.

ಒಟ್ಟು ಖರ್ಚು 10,600 ರೂಪಾಯಿ: ಯಂತ್ರಕ್ಕೆ 3,500, ಸುಂಕ ಸೇರಿ ಬಿಡಿಭಾಗಗಳಿಗೆ 6,200, ಲೇತ್ ಕೆಲಸಕ್ಕೆ 400, ವೈರು ಮತ್ತು ಪ್ಲಗ್ಗಿಗೆ 380, ಥರ್ಮೋಸ್ಟಾಟ್‌ಗೆ 120. ಬೇಕರಿಯವರು ದುಡ್ಡು ಮುಟ್ಟಲಿಲ್ಲ. ಮಾಸಿದ ಕ್ರೋಮಿಗೆ ನಾವು ಕೈ ಹಾಕಲಿಲ್ಲ.

ಸತತವಾಗಿ ಎರಡು ಕಾಫಿ ಚೆನ್ನಾಗಿ ಬರುತ್ತವೆ. ಮೂರನೆಯ ಹೊತ್ತಿಗೆ ಪಿಸ್ಟನ್ ಕೊಳವೆ ಕಾದು ಕಾಫಿ ಕಹಿಯಾಗುತ್ತದೆ. ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಡುತ್ತೇನೆ. ನೆಂಟರು ಹೆಚ್ಚು ಬಂದ ದಿನ ಅಮ್ಮನ ಫಿಲ್ಟರೇ ಗತಿ. ನಾಲ್ಕು ತಿಂಗಳಾದ ಮೇಲೆ ಮೊನ್ನೆ ಗಾಜಿನ ಕೊಳವೆಯ ಕೆಳಗೆ, ಅದೇ ಜಾಗದಲ್ಲಿ, ಮತ್ತೆ ಸಾಸಿವೆಯಷ್ಟು ಹನಿ ಕಂಡಿತು. ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ ಎಂದೆ. ಮಾವ ಸ್ಪ್ಯಾನರ್ ಕೊಡಲಿಲ್ಲ. ಭಾನುವಾರ ಬಿಚ್ಚುತ್ತೇವೆ.